ಹೊಟ್ಟೆ ತುಂಬ ಗಂಜಿ, ಬದಿಯಲ್ಲೊಂದು ನಕ್ಷತ್ರ

ಪತ್ರಿಕೆಯ ಹಾಳೆಗೆ ಬೂತಾಯಿ ಮೀನಿನ ಒಂದು ಹುರುಪೆ ಅಂಟಿ ಒಣಗಿತ್ತು. ಉಗುರಿನಿಂದ ಮೆಲ್ಲನೆ ಎಬ್ಬಿಸಿದೆ. ಅಡಿಯಲ್ಲಿ ಒಂದು ನಕ್ಷತ್ರದ ಗುರುತು ಕಾಣಿಸಿತು. ‘ಶುಗರ್ ಇದ್ದವರೂ ಹೊಟ್ಟೆ ತುಂಬ ಗಂಜಿ ಉಣ್ಣಿ*’ ಎಂಬ ಸಾಲಿನ ಕೊನೆಯಲ್ಲಿ ಅದು ಕೂತಿತ್ತು. ನಕ್ಷತ್ರ ಹಾಕಿದ ಮೇಲೆ ಹಾಳೆಯ ಬುಡದಲ್ಲಿ ಅದರ ವಿವರಣೆ ಇರಬೇಕು. ಬುಡದಲ್ಲಿ ಅಂಗಡಿಗಳ ಹೆಸರು ಬಿಟ್ಟರೆ ಬೇರೇನೂ ಇರಲಿಲ್ಲ. ಚಿತ್ರದಲ್ಲಿ ಬಿಳಿ ಕೋಟು ತೊಟ್ಟ ಒಬ್ಬ ಮನುಷ್ಯ, ಕೊರಳಲ್ಲಿ ಸ್ಟೆತಸ್ಕೋಪ್ ಹಾಕಿಕೊಂಡು, ಒಂದು ಬಟ್ಟಲು ಗಂಜಿಯನ್ನು ನೋಡಿ ನಗುತ್ತಿದ್ದ. ಗಂಜಿಯ ಎದೆಬಡಿತ ಕೇಳಿಸಿಕೊಳ್ಳುವ ಉದ್ದೇಶವಿತ್ತೋ ಏನೋ.

ಹಾಳೆ ನನ್ನ ಮೇಜಿಗೆ ಬಂದದ್ದು ಒಂದು ದೂರಿನ ಜೊತೆಗೆ. ಜಾಹೀರಾತುಗಳ ಮೇಲೆ ಬರುವ ದೂರುಗಳನ್ನು ಓದುವುದು, ಜಾಹೀರಾತು ಕೊಟ್ಟವರಿಂದ ಆಧಾರ ಕೇಳುವುದು, ಬಂದ ಆಧಾರವನ್ನು ಪರಿಶೀಲಿಸಿ ಮಂಡಳಿಯ ಮುಂದಿಡುವುದು ನನ್ನ ಕೆಲಸವಾಗಿತ್ತು. ಮಣಿಪಾಲದಲ್ಲಿ ಒಂದು ಫೋಟೊ ಸ್ಟುಡಿಯೋದ ಮೇಲಿನ ಮಹಡಿಯಲ್ಲಿ ನಮ್ಮ ಕಚೇರಿ. ಸರ್ಕಾರದ್ದಲ್ಲ. ಈ ಕಡೆಯ ಕಂಪೆನಿಗಳವರು, ಪತ್ರಿಕೆಯವರು, ಕೇಬಲ್‌ನವರು, ಹೋರ್ಡಿಂಗ್‌ನವರು ಸೇರಿ, ಸರ್ಕಾರ ಬಂದು ಕಿವಿ ಹಿಂಡುವ ಮೊದಲು ನಮ್ಮ ಕಿವಿಯನ್ನು ನಾವೇ ಹಿಂಡಿಕೊಳ್ಳೋಣ ಎಂದು ಕಟ್ಟಿಕೊಂಡ ಮಂಡಳಿ. ತನ್ನ ಕಿವಿಯನ್ನು ತಾನೇ ಹಿಂಡಿಕೊಳ್ಳುವವನು ಎಷ್ಟು ಬಲವಾಗಿ ಹಿಂಡಿಕೊಳ್ಳುತ್ತಾನೆ ಎಂಬುದನ್ನು ನೀವೇ ಊಹಿಸಿ.

ನನ್ನ ಕುರ್ಚಿಗೆ ಹೊಸಬರನ್ನು ತೆಗೆದುಕೊಳ್ಳುತ್ತಾರಂತೆ. ಓದು ಮುಗಿಸಿ ಇಂಥ ಕೆಲಸಕ್ಕೆ ಬರುವವರಿಗೆ ಸಂದರ್ಶನದಲ್ಲಿ ಹೇಳದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಬೀಳ್ಕೊಡುಗೆಯ ಬ್ಯಾನರಿನಲ್ಲಿ ‘ನಿವೃತ್ತಿ’ ಎಂದು ಬರೆಸಿದ್ದರು. ನನ್ನ ತಲೆಯಲ್ಲಿ ಇನ್ನೂ ಒಂದು ಬಿಳಿಕೂದಲಿಲ್ಲ. ದಾರಿತಪ್ಪಿಸುವ ಹೇಳಿಕೆ ಎಂದು ಯಾರೂ ದೂರು ಕೊಡಲಿಲ್ಲ. ಶಾಲು ಹೊದೆಸಿಕೊಂಡು ನಾನೂ ಸುಮ್ಮನಿದ್ದೆ.

ಮೊದಲು ತಿಳಿಯಬೇಕಾದ ಸಂಗತಿ: ಗಿರಾಕಿಯ ದೂರು ನಡೆಯುತ್ತದೆ, ಪೈಪೋಟಿಯ ಅಂಗಡಿಯವರ ದೂರು ಓಡುತ್ತದೆ. ಉಡುಪಿಯ ಎರಡು ಫರ್ನಿಚರ್ ಅಂಗಡಿಗಳು ತಾವೇ ‘ನಂಬರ್ ಒನ್’ ಎಂದು ಎದುರುಬದುರು ಹೋರ್ಡಿಂಗ್ ಹಾಕಿದ್ದವು. ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಕೊಟ್ಟರು. ಇಡೀ ಮಂಡಳಿ ಎದ್ದುಬಿದ್ದು ಸೇರಿತು. ಯಾವುದರಲ್ಲಿ ನಂಬರ್ ಒನ್ ಎಂದು ನಾನು ಕೇಳಿದಾಗ ಇಬ್ಬರೂ ನನ್ನನ್ನು ಅನುಕಂಪದಿಂದ ನೋಡಿದರು. ಕೊನೆಗೆ ಒಬ್ಬರು ‘ಉಡುಪಿಯ ನಂಬರ್ ಒನ್’ ಎಂದೂ ಇನ್ನೊಬ್ಬರು ‘ಉಡುಪಿ ನಗರದ ನಂಬರ್ ಒನ್’ ಎಂದೂ ಹಾಕಿಕೊಳ್ಳಬೇಕೆಂದು ತೀರ್ಮಾನವಾಯಿತು. ಇಬ್ಬರೂ ಒಂದೇ ತಟ್ಟೆಯಿಂದ ಗೋಳಿಬಜೆ ತಿಂದು ಹೋದರು.

ಎರಡನೆಯ ಸಂಗತಿ ‘ಸೌಹಾರ್ದ ಇತ್ಯರ್ಥ’. ವಿಚಾರಣೆಗೆ ಮೊದಲು ಕಂಪೆನಿ ತಾನಾಗಿ ಜಾಹೀರಾತು ಹಿಂತೆಗೆದುಕೊಂಡರೆ ದೂರು ಅಲ್ಲಿಗೇ ಮುಗಿಯುತ್ತದೆ. ತಪ್ಪು ನಡೆದಿದೆಯೇ ಎಂದು ಯಾರೂ ಹೇಳುವುದಿಲ್ಲ. ದೂರು ಎತ್ತಿಹಿಡಿದರೆ ಮಾತ್ರ ಪತ್ರಿಕೆಯಲ್ಲಿ ‘ಮಂಡಳಿಯ ತೀರ್ಮಾನ’ ಎಂದು ಒಂದು ಚೌಕಟ್ಟು ಅಚ್ಚಾಗುತ್ತದೆ. ಇತ್ಯರ್ಥವಾದದ್ದು ಎಲ್ಲಿಯೂ ಬರುವುದಿಲ್ಲ. ನಿಟ್ಟೆಯಲ್ಲಿ ಪಿ.ಜಿ. ನಡೆಸುವ ಒಬ್ಬರು ‘ಕಾಲೇಜಿಗೆ ಐದೇ ನಿಮಿಷ’ ಎಂದು ಹಾಕಿದ್ದರು. ನಡೆದು ಬೆವರಿದ ಹುಡುಗಿಯೊಬ್ಬಳು ದೂರು ಕೊಟ್ಟಳು. ನಾನು ಫೋನ್ ಮಾಡಿದೆ.

‘‘ಬೈಕಿನಲ್ಲಿ ಐದು ನಿಮಿಷ ಮೇಡಂ.’’

‘‘ಎಷ್ಟು ಸ್ಪೀಡಿನಲ್ಲಿ?’’

‘‘ನನ್ನ ಮಗ ಹೋಗುವ ಸ್ಪೀಡಿನಲ್ಲಿ.’’

ಜಾಹೀರಾತು ಹಿಂತೆಗೆದರು, ಸೌಹಾರ್ದ ಇತ್ಯರ್ಥವಾಯಿತು. ಮುಂದಿನ ವಾರ ಅದೇ ಜಾಗದಲ್ಲಿ ‘ಕಾಲೇಜಿಗೆ ಕೂಗಳತೆ’ ಎಂದು ಬಂತು. ಅದು ಹೊಸ ಜಾಹೀರಾತು. ಹೊಸ ಜಾಹೀರಾತಿಗೆ ಹೊಸ ದೂರು ಬೇಕು. ಹುಡುಗಿ ಅಷ್ಟರಲ್ಲಿ ಬೇರೆ ಪಿ.ಜಿ.ಗೆ ಹೋಗಿದ್ದಳು.

ಆದೇಶಗಳ ಪಾಲನೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಅಲೆವೂರು ರಸ್ತೆಯ ಹೋರ್ಡಿಂಗ್ ಒಂದರಲ್ಲಿ ಬೋಳುತಲೆಗೆ ಕೂದಲು ಬರಿಸುವ ಎಣ್ಣೆಯ ಜಾಹೀರಾತಿತ್ತು. ತೆಗೆಯಿರಿ ಎಂದು ಆದೇಶ ಹೊರಡಿಸಿದೆವು. ಆದೇಶ ತಲುಪುವಷ್ಟರಲ್ಲಿ ಎಣ್ಣೆಯವರ ಬಾಡಿಗೆ ಅವಧಿ ತಾನಾಗಿ ಮುಗಿದು, ಅಲ್ಲಿ ನಮ್ಮದೇ ಮಂಡಳಿಯ ‘ಸುಳ್ಳು ಜಾಹೀರಾತು ಕಂಡರೆ ನಮಗೆ ತಿಳಿಸಿ’ ಎಂಬ ಫಲಕ ಏರಿತ್ತು. ಕೆಲಸದವರು ಹೇಳಿದ ಜಾಗಕ್ಕೆ ಹೋದರು, ಇದ್ದದ್ದನ್ನು ಹರಿದು ಇಳಿಸಿದರು, ಖಾಲಿ ಚೌಕಟ್ಟಿನ ಫೋಟೊ ಕಳಿಸಿದರು. ಆ ವರ್ಷದ ವರದಿಯಲ್ಲಿ ಅದು ಪಾಲನೆಯಾದ ಆದೇಶಗಳ ಸಾಲಿಗೆ ಸೇರಿದೆ.

ನಾನು ಸೇರಿದಾಗ ದೂರಿನ ಜೊತೆ ಪತ್ರಿಕೆಯ ತುಣುಕು ಬರುತ್ತಿತ್ತು. ಆಮೇಲೆ ವಾಟ್ಸಾಪ್ ಸ್ಕ್ರೀನ್‌ಶಾಟ್, ಆಮೇಲೆ ರೀಲ್. ಒಬ್ಬಳು ಚಂದದ ಹುಡುಗಿ ಕಾಪು ಬೀಚಿನಲ್ಲಿ ನಿಂತು ಒಂದು ಕ್ರೀಮ್ ಹಚ್ಚಿಕೊಳ್ಳುತ್ತಾಳೆ. ನಾವು ನೋಟಿಸು ಟೈಪು ಮಾಡಿ ಮುಗಿಸುವಷ್ಟರಲ್ಲಿ ರೀಲ್ ಮಾಯವಾಗಿರುತ್ತದೆ. ಇಲ್ಲದ ಜಾಹೀರಾತನ್ನು ಹಿಂತೆಗೆದುಕೊಳ್ಳಿ ಎಂದು ಹೇಳುವುದು ಹೇಗೆ? ಅದೂ ಸೌಹಾರ್ದ ಇತ್ಯರ್ಥ.

ಹುರುಪೆ ಅಂಟಿದ ಹಾಳೆ ಕಳಿಸಿದ್ದು ಶ್ವೇತಾ, ಕಟಪಾಡಿಯ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹುಡುಗಿ. ತಾಯಿ ಗುಲಾಬಿ ಕಾಪು ಮಾರ್ಕೆಟಿನಲ್ಲಿ ಮೀನು ಮಾರುತ್ತಾರೆ. ಮೀನು ಕಟ್ಟಿಕೊಡಲು ತಂದ ಹಳೆ ಪತ್ರಿಕೆಗಳ ರಾಶಿಯಲ್ಲಿ ತಾಯಿಗೆ ಈ ಜಾಹೀರಾತು ಸಿಕ್ಕಿತ್ತು. ‘ಸಮಸಿರಿ’ ಎಂಬ ಕುಚ್ಚಲಕ್ಕಿ. ಮಿಲ್ಲು ಕಾರ್ಕಳದ ಕಡೆಯದು. ಅಂದಿನಿಂದ ಮನೆಗೆ ಅದೇ ಅಕ್ಕಿ. ಅಕ್ಕಿ ಬಂದ ಮೇಲೆ ಶುಗರಿನ ಮಾತ್ರೆ ನಿಂತಿತು. ಮಾತ್ರೆ ನಿಂತ ಮೇಲೆ ಒಂದು ದಿನ ತೇಡೆ ಮೀನಿನ ಮುಳ್ಳು ಕಾಲಿನ ಹೆಬ್ಬೆರಳಿಗೆ ಹೊಕ್ಕಿತು. ಗಾಯ ಮಾಯಲಿಲ್ಲ. ಶುಗರ್ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಉಡುಪಿಯ ಡಾಕ್ಟರು ಹೇಳಿದ್ದರು.

ದೂರುದಾರರ ಮನೆಗೆ ಹೋಗುವ ಪದ್ಧತಿ ನಮ್ಮಲ್ಲಿರಲಿಲ್ಲ. ಶ್ವೇತಾ ಫೋನಿನಲ್ಲಿ, ‘‘ಅಕ್ಕ, ನೀವೊಮ್ಮೆ ಬಂದು ಹೇಳ್ತೀರಾ? ನಾನು ಹೇಳಿದ್ದು ಅಮ್ಮ ಕೇಳುವುದಿಲ್ಲ,’’ ಎಂದಳು. ಹೋದೆ. ಗುಲಾಬಿ ಅಕ್ಕ ಕಾಪುವಿನ ಮನೆಯ ಜಗಲಿಯಲ್ಲಿ, ಬಟ್ಟೆ ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ಕಚೇರಿಯವಳೆಂದು ನನ್ನ ಹತ್ತಿರ ತುಳು ಬಿಟ್ಟು ಕನ್ನಡದಲ್ಲೇ ಮಾತಾಡಿದರು.

‘‘ಡಾಕ್ಟರು ಹೇಳ್ತಾರೆ, ಗಂಜಿ ಬಿಡಿ. ಗಂಜಿ ಬಿಟ್ಟು ನಾನು ಎಂತ ತಿನ್ನುವುದು, ಅವರ ತಲೆಯಾ? ಪೇಪರಿನವರು ಹೇಳ್ತಾರೆ, ಹೊಟ್ಟೆ ತುಂಬ ಉಣ್ಣಿ. ಅದರಲ್ಲೂ ಒಬ್ಬ ಡಾಕ್ಟರೇ ಇದ್ದಾನೆ.’’

‘‘ಅವನು ಡಾಕ್ಟರಲ್ಲ ಅಕ್ಕ. ಫೋಟೊಕ್ಕೆ ನಿಲ್ಲಿಸಿದ್ದು.’’

‘‘ನನ್ನ ಡಾಕ್ಟರಿಗಿಂತ ಚಂದ ನಗ್ತಾನೆ.’’

‘‘ಜಾಹೀರಾತು ಸುಳ್ಳಿರಬಹುದು.’’

‘‘ಸುಳ್ಳಾದ್ರೆ ಪೇಪರಿನಲ್ಲೇ ಹಾಕ್ಲಿ. ನಿಮ್ಮದು ಅದೇ ಕೆಲಸ ಅಲ್ವಾ? ಹಾಕಿದ ದಿವಸ ಮಾತ್ರೆ ತಕ್ಕೊಳ್ತೇನೆ. ಬಾಯಿಮಾತು ಬೇಡ. ಬಾಯಿಮಾತಿನಲ್ಲಿ ನಾನು ನಿನ್ನೆಯ ಮೀನನ್ನೂ ತಾಜಾ ಅಂತ ಮಾರ್ತೇನೆ.’’

ಶ್ವೇತಾ ನನ್ನ ಜೊತೆ ಹೊರಟಳು. ಬಸ್ ಸ್ಟಾಂಡಿನವರೆಗೆ ಬಂದು, ‘‘ಅಮ್ಮ ಹೇಳಿದ ಹಾಗೆಯೇ ಮಾಡುವವರು. ಪೇಪರಿನಲ್ಲಿ ಬರ್ತದಲ್ಲ ಅಕ್ಕ?’’ ಎಂದು ಕೇಳಿದಳು. ದೂರು ಎತ್ತಿಹಿಡಿದರೆ ಬರುತ್ತದೆ ಎಂದು ಹೇಳಿದೆ.

ಕಂಪೆನಿಗೆ ನೋಟಿಸು ಹೋಯಿತು. ಉತ್ತರಕ್ಕೆ ಕಾಲಾವಕಾಶ ಕೇಳಿದರು, ಕೊಟ್ಟೆವು. ವಕೀಲರಿಗೆ ಹುಷಾರಿಲ್ಲ ಎಂದು ಮತ್ತೆ ಕೇಳಿದರು, ಮತ್ತೆ ಕೊಟ್ಟೆವು. ಅಷ್ಟೂ ದಿನ ಜಾಹೀರಾತು ಬರುತ್ತಲೇ ಇತ್ತು, ಏಕೆಂದರೆ ತಡೆ ಕೊಡುವ ಅಧಿಕಾರ ನಮಗಿಲ್ಲ. ವಿಚಾರಣೆಯ ಹಿಂದಿನ ದಿನ ಹಿಂತೆಗೆದುಕೊಂಡಿದ್ದೇವೆ ಎಂದು ಮೇಲ್ ಬಂತು. ಮಂಡಳಿಯ ಅಧ್ಯಕ್ಷರು ಸದಾನಂದ ರಾಯರು. ಒಂದು ಕಾಲದಲ್ಲಿ ಉಡುಪಿಯ ದೊಡ್ಡ ಜಾಹೀರಾತು ಏಜೆನ್ಸಿ ಅವರದೇ ಆಗಿತ್ತು. ಅವರು ಮೇಲ್ ಓದಿ ಕೈ ಉಜ್ಜಿಕೊಂಡು, ‘‘ನೋಡು ಮಾರಾಯ್ತಿ, ಎಷ್ಟು ಮರ್ಯಾದಸ್ಥರು,’’ ಎಂದರು. ಮರ್ಯಾದಸ್ಥರು ಅದೇ ಭಾನುವಾರ ಹಸಿರು ಹಿನ್ನೆಲೆಯನ್ನು ನೀಲಿ ಮಾಡಿ ಅದೇ ಸಾಲನ್ನು ಮತ್ತೆ ಹಾಕಿದರು. ಗಂಜಿಯ ಬಟ್ಟಲು ಎಡದಿಂದ ಬಲಕ್ಕೆ ಹೋಗಿತ್ತು. ಬಿಳಿ ಕೋಟಿನವನು ಈಗ ಕನ್ನಡಕ ಹಾಕಿದ್ದ.

ಶ್ವೇತಾ ಎರಡನೆಯ ದೂರು ಕೊಟ್ಟಳು. ಈ ಸಲ ವಿಚಾರಣೆ ನಡೆಯಿತು. ಕಂಪೆನಿಯ ಕಡೆಯಿಂದ ಪ್ರಸನ್ನ ಎಂಬ ಆಹಾರ ತಂತ್ರಜ್ಞ ಬಂದಿದ್ದರು. ನನ್ನ ವಯಸ್ಸಿನವರು, ಇಸ್ತ್ರಿ ಮಾಡಿದ ಶರ್ಟು, ನಿಜ ಹೇಳುವ ದುರಭ್ಯಾಸ. ಅಕ್ಕಿಯನ್ನು ಪರೀಕ್ಷಿಸಲಾಗಿದೆ, ಸಕ್ಕರೆ ಏರುವುದು ಕಡಿಮೆ ಎಂದು ಕಂಡಿದೆ ಎಂದರು. ಮಂಡಳಿಯವರು ತಲೆದೂಗಿದರು. ಗಂಜಿ ಉಂಡು ಬೆಳೆದವಳಾದ್ದರಿಂದ ನನಗೊಂದು ಸಂಶಯವಿತ್ತು. ಕೇಳಿದೆ.

‘‘ಪರೀಕ್ಷೆಗೆ ಗಂಜಿ ಹೇಗೆ ಮಾಡಿದಿರಿ?’’

‘‘ಗಂಜಿ ಅಲ್ಲ ಮೇಡಂ, ಅನ್ನ. ತಿಳಿ ಬಸಿದು.’’

‘‘ಬಸಿದ ತಿಳಿ?’’

‘‘ಚೆಲ್ಲಿದ್ದು.’’

‘‘ಜಾಹೀರಾತಿನಲ್ಲಿ ಗಂಜಿ ಉಂಟಲ್ಲ?’’

‘‘ಅದು ಮಾರ್ಕೆಟಿಂಗಿನವರದ್ದು.’’

‘‘ಉಂಡದ್ದು ಎಷ್ಟು?’’

‘‘ಸಣ್ಣ ಒಂದು ಕಪ್.’’

‘‘ಹೊಟ್ಟೆ ತುಂಬ ಎಂದು ಹಾಕಿದ್ದೀರಿ.’’

‘‘ಅದೂ ಮಾರ್ಕೆಟಿಂಗಿನವರದ್ದು.’’

‘‘ಉಂಡವರು ಶುಗರ್ ಇದ್ದವರಾ?’’

ಪ್ರಸನ್ನ ವಕೀಲರ ಕಡೆ ನೋಡಿದರು. ವಕೀಲರು ಫ್ಯಾನು ನೋಡುತ್ತಿದ್ದರು. ‘‘ಹಾಸ್ಟೆಲಿನ ಹುಡುಗರು ಮೇಡಂ. ಬೆಳಿಗ್ಗೆ ಫುಟ್‌ಬಾಲ್ ಆಡಿ ಬರುವವರು.’’

‘‘ಹಾಗಾದರೆ ಇದರಲ್ಲಿ ನಿಮ್ಮದು ಯಾವುದು?’’

‘‘ಅಕ್ಕಿ ಮಾತ್ರ ನಮ್ಮದು,’’ ಎಂದರು ಪ್ರಸನ್ನ.

ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಗಂಜಿ ಎಂದರೆ ಅಗುಳಿನ ಜೊತೆ ತಿಳಿಯೂ ಸೇರಿದ್ದು. ಬಟ್ಟಲೆತ್ತಿ ಕೊನೆಯ ಗುಟುಕು ಕುಡಿಯದಿದ್ದರೆ ಉಂಡ ಹಾಗಾಗುವುದಿಲ್ಲ. ಮಂಡಳಿಯ ಸದಸ್ಯರೆಲ್ಲ ಬೆಳಿಗ್ಗೆ ಗಂಜಿ ಕುಡಿದೇ ಬಂದವರು. ದೂರು ಎತ್ತಿಹಿಡಿಯದೆ ದಾರಿಯಿಲ್ಲ ಎಂದು ನಾನು ನಂಬಿದೆ. ಆದರೆ ಅವರಲ್ಲಿ ಅರ್ಧದಷ್ಟು ಮಂದಿ ಜಾಹೀರಾತು ಕೊಡುವವರು ಅಥವಾ ಅಚ್ಚು ಹಾಕುವವರು. ಉಳಿದರ್ಧ ‘ಸಾರ್ವಜನಿಕರು’, ಎಂದರೆ ಮೊದಲ ಅರ್ಧದವರ ಸ್ನೇಹಿತರು. ಸತ್ಯಾಂಶವನ್ನು ಜಾಹೀರಾತಿನಲ್ಲೇ ಸೇರಿಸಿದರೆ ಸಾಕು, ಸೇರಿಸಿ ತನ್ನಿ, ನೋಡೋಣ ಎಂದು ಮುಂದೂಡಿದರು.

ಸೇರಿಸಿದರು. ಕೊನೆಯ ಸಭೆಯ ದಿನ ಬೆಳಿಗ್ಗೆ ಹೊಸ ಜಾಹೀರಾತು ಪತ್ರಿಕೆಯಲ್ಲಿ ಬಂದೇಬಿಟ್ಟಿತ್ತು. ಮೇಲೆ ಅದೇ ‘ಹೊಟ್ಟೆ ತುಂಬ ಗಂಜಿ ಉಣ್ಣಿ*’. ನಕ್ಷತ್ರಕ್ಕೆ ಈಗ ವಿವರಣೆ ಇತ್ತು. ಹಾಳೆಯ ಬುಡದಲ್ಲಿ, ತಿಳಿ ನೀಲಿಯ ಮೇಲೆ ಬಿಳಿಯಲ್ಲಿ, ಕೂದಲೆಳೆಯಂಥ ಒಂದು ಗೆರೆ. ನಾನು ಮನೆಯ ಕಿಟಕಿಯ ಬಳಿ ನಿಂತು, ಫೋನಿನ ಕ್ಯಾಮೆರಾ ಹಿಗ್ಗಿಸಿ ಓದಿದೆ.

ಮಧ್ಯಾಹ್ನ ಸಭೆಯಲ್ಲಿ ಅದೇ ಜಾಹೀರಾತನ್ನು ಪ್ರೊಜೆಕ್ಟರಿನಲ್ಲಿ ಹಾಕಿದರು. ಗೋಡೆಯಷ್ಟು ಅಗಲದ ಪರದೆ. ಬುಡದ ಗೆರೆ ಅಂಗೈಯೆತ್ತರದ ಅಕ್ಷರಗಳಾಗಿ ನಿಂತಿತು. ರಾಯರು ಕನ್ನಡಕ ತೆಗೆದು, ದೊಡ್ಡ ದನಿಯಲ್ಲಿ ಓದಿದರು:

‘‘ಪರೀಕ್ಷೆ ನಡೆದದ್ದು ಶುಗರ್ ಇಲ್ಲದ ಯುವಕರ ಮೇಲೆ, ತಿಳಿ ಬಸಿದ ಅನ್ನದಿಂದ, ಸಣ್ಣ ಪ್ರಮಾಣದಲ್ಲಿ. ಇದು ಔಷಧವಲ್ಲ. ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.’’

‘‘ಕನ್ನಡಕ ಇಲ್ಲದೆ ಓದಿದೆ,’’ ಎಂದು ಎಲ್ಲರ ಕಡೆ ತಿರುಗಿದರು. ‘‘ಇನ್ನೆಂತ ಬೇಕು?’’

‘‘ಸರ್, ಇದು ಪರದೆ,’’ ಎಂದೆ. ‘‘ಪತ್ರಿಕೆಯಲ್ಲಿ ನೋಡಿ.’’

ಪತ್ರಿಕೆಯನ್ನು ಮೇಜಿನ ಮೇಲಿಟ್ಟೆ. ಯಾರೂ ಬಗ್ಗಲಿಲ್ಲ. ಪತ್ರಿಕೆಯ ಪ್ರತಿನಿಧಿಯಾಗಿ ಬಂದಿದ್ದ ಸದಸ್ಯರಂತೂ ತಮ್ಮದೇ ಪತ್ರಿಕೆಯನ್ನು ಒಂದು ಬೆರಳಿನಿಂದ ಅತ್ತ ಸರಿಸಿ, ಮಂಡಳಿಗೆ ಅಧಿಕೃತವಾಗಿ ಸಲ್ಲಿಸಿದ್ದು ಪರದೆಯ ಮೇಲಿರುವ ಪ್ರತಿ, ಅದನ್ನೇ ಪರಿಗಣಿಸಬೇಕು ಎಂದರು. ಸಣ್ಣ ಅಕ್ಷರ ಓದಲಾಗುತ್ತದೆಯೇ ಎಂಬ ಪ್ರಶ್ನೆಯನ್ನು ಇಷ್ಟು ವರ್ಷ ನಾವು ಹೀಗೆಯೇ ತೀರ್ಮಾನಿಸುತ್ತ ಬಂದಿದ್ದೆವು: ಗೋಡೆಯ ಮೇಲೆ ಬಿಟ್ಟು, ಕುರ್ಚಿಗೆ ಒರಗಿ.

‘‘ಒಬ್ಬ ಹೆಂಗಸಿನ ಕಾಲಿನ ಬೆರಳು ಹೋಗುವುದರಲ್ಲಿದೆ ಸರ್. ಪತ್ರಿಕೆಯಲ್ಲಿ ಬರಲಿ ಎಂದು ಕಾಯ್ತಿದ್ದಾರೆ.’’

‘‘ಬಂತಲ್ಲ ಮಾರಾಯ್ತಿ,’’ ರಾಯರು ಪರದೆ ತೋರಿಸಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ನನಗೆ ಸಮಾಧಾನ ಹೇಳುವ ಹಾಗಿತ್ತು. ‘‘ಪಾಪ, ಅವರಿಗೂ ಹುಷಾರಾಗಲಿ. ಆದರೆ ಸತ್ಯ ಹೇಳಿದವರನ್ನು ನಾವು ಶಿಕ್ಷಿಸ್ಲಿಕ್ಕೆ ಆಗ್ತದಾ?’’

ಸೌಹಾರ್ದ ಇತ್ಯರ್ಥ. ಪ್ರಕಟಣೆ ಇಲ್ಲ. ಪ್ರೊಜೆಕ್ಟರ್ ಆರಿಸಿದರು, ಸತ್ಯವೂ ಆರಿತು.

ಮೆಟ್ಟಿಲಿಳಿಯುವಾಗ ಶ್ವೇತಾಳ ಮೆಸೇಜು ಬಂತು: ‘ಎಂತಾಯ್ತು ಅಕ್ಕ?’ ಉಡುಪಿಗೆ ಹೋಗುವ ಬಸ್ಸು ಹತ್ತಿ ಪತ್ರಿಕೆಯ ಕಚೇರಿಗೆ ಹೋದೆ. ಜಾಹೀರಾತು ತೆಗೆದುಕೊಳ್ಳುವ ಕೌಂಟರು ಮುಚ್ಚುವುದರಲ್ಲಿತ್ತು. ಕೂತಿದ್ದ ಹುಡುಗಿ ಹೊಸಬಳು. ನಾನು ಬರೆದುಕೊಟ್ಟದ್ದನ್ನು ಓದಿದಳು. ಮೇಲೆ ‘ಸಮಸಿರಿ ಕುಚ್ಚಲಕ್ಕಿಯ ಜಾಹೀರಾತಿನ ಬುಡದಲ್ಲಿರುವ ಸಾಲುಗಳು’ ಎಂದಿತ್ತು. ಕೆಳಗೆ ಆ ಸಾಲುಗಳು, ಒಂದಕ್ಷರ ಹೆಚ್ಚುಕಡಿಮೆ ಇಲ್ಲದೆ.

‘‘ಮೇಡಂ, ಇದಕ್ಕೆ ಆಧಾರ ಉಂಟಾ?’’ ಎಂದು ಕೇಳಿದಳು.

ಪತ್ರಿಕೆಯ ಕೌಂಟರಿನಲ್ಲಿ ಯಾರಾದರೂ ಈ ಪ್ರಶ್ನೆ ಕೇಳಿದ್ದನ್ನು ನಾನು ಅಂದೇ ಮೊದಲ ಬಾರಿ ಕೇಳಿದೆ. ಅವಳ ಮೇಲೆ ಗೌರವ ಹುಟ್ಟಿತು. ಆ ದಿನದ ಪತ್ರಿಕೆಯನ್ನು ಬಿಡಿಸಿ ಅವಳ ಮುಂದಿಟ್ಟು, ಬುಡದ ಗೆರೆಯ ಮೇಲೆ ಬೆರಳಿಟ್ಟೆ. ಅವಳು ಹಾಳೆಯನ್ನು ಮೂಗಿನವರೆಗೆ ಎತ್ತಿದಳು, ದೂರ ಹಿಡಿದಳು, ಕೊನೆಗೆ ನನ್ನ ಹಾಗೆಯೇ ಫೋನು ತೆಗೆದಳು.

‘‘ನಮ್ಮ ಪೇಪರಿನಲ್ಲೇ ಬಂದದ್ದಲ್ವಾ,’’ ಎಂದಳು.

‘‘ಹೌದು.’’

‘‘ಹಾಗಾದ್ರೆ ತೊಂದರೆ ಇಲ್ಲ. ಅಕ್ಷರ ಎಷ್ಟು ದೊಡ್ಡದು ಬೇಕು?’’

‘‘ಕನ್ನಡಕ ಇಲ್ಲದ ಮೀನು ಮಾರುವವರಿಗೆ ಓದಲು ಬರಬೇಕು.’’

ಅವಳು ನಗಲಿಲ್ಲ, ದೊಡ್ಡ ಅಳತೆಯದಕ್ಕೆ ಗುರುತು ಹಾಕಿದಳು. ‘‘ಕೊಡುವವರ ಹೆಸರು ಹಾಕ್ಲೇಬೇಕು ಮೇಡಂ.’’ ಮಂಡಳಿಯ ನೌಕರರು ದೂರುಗಳ ಬಗ್ಗೆ ಹೊರಗೆ ಏನನ್ನೂ ಪ್ರಕಟಿಸಬಾರದು ಎಂಬುದು ನನ್ನ ನೇಮಕದ ಷರತ್ತು. ನನ್ನ ಹೆಸರು ಮದುವೆಯ ಕರೆಯೋಲೆಯಲ್ಲಿ ಅಚ್ಚಾದರೂ ನನಗೆ ಇಷ್ಟವಿಲ್ಲ. ಹೆಸರು, ಇನಿಷಿಯಲ್ ಸಮೇತ, ಬರೆದುಕೊಟ್ಟೆ.

ಮರುದಿನ ಬೆಳಿಗ್ಗೆ ಕಟಪಾಡಿಯಲ್ಲಿ ಬಸ್ಸಿಳಿದು ಪತ್ರಿಕೆ ಕೊಂಡು, ಹಿಂದೆಯೇ ಬಂದ ಬಸ್ಸಿನಲ್ಲಿ ಕಾಪುವಿಗೆ, ಅವರ ಮನೆಗೆ ಹೋದೆ. ಶ್ವೇತಾ ಕೆಲಸಕ್ಕೆ ಹೊರಟು ನಿಂತಿದ್ದಳು. ಒಳಗೆ ಒಲೆಯ ಮೇಲೆ ಗಂಜಿ ಕೊತಕೊತ ಎನ್ನುತ್ತಿತ್ತು. ಹಾಳೆಯನ್ನು ಗುಲಾಬಿ ಅಕ್ಕನ ತೊಡೆಯ ಮೇಲಿಟ್ಟೆ. ಅವರು ತುಟಿಯಾಡಿಸುತ್ತ ಓದಿದರು. ‘ಮಾತ್ರೆ ನಿಲ್ಲಿಸಬೇಡಿ’ ಎಂಬಲ್ಲಿಗೆ ಬಂದು, ಮತ್ತೆ ಮೇಲಿನಿಂದ ಓದಿದರು.

‘‘ಇದು ಕಂಪೆನಿಯವರೇ ಹೇಳಿದ್ದಾ?’’

‘‘ಪ್ರತಿ ಅಕ್ಷರ ಅವರದ್ದೇ. ನಿನ್ನೆಯ ಪೇಪರಿನಲ್ಲೂ ಇತ್ತು.’’ ಅದನ್ನೂ ತೆಗೆದು ತೋರಿಸಿದೆ.

ಅವರು ಬುಡದ ಗೆರೆಯ ಮೇಲೆ ಬೆರಳಾಡಿಸಿದರು. ‘‘ಇದು ಅಕ್ಷರವಾ? ನಾನು ಇರುವೆ ಸಾಲು ಅಂತ ಗ್ರಹಿಸಿದೆ.’’ ಆಮೇಲೆ ಒಳಗಿನ ಒಲೆಯ ಕಡೆ ಮುಖ ತಿರುಗಿಸಿದರು. ‘‘ಶ್ವೇತಾ, ಆ ಮಾತ್ರೆ ಎಲ್ಲಿಟ್ಟಿದ್ದಿ?’’

ಹುಡುಕಬೇಕಾಗಲಿಲ್ಲ. ಶ್ವೇತಾ ಹೆಗಲಿನ ಬ್ಯಾಗಿಗೆ ಕೈ ಹಾಕಿ ಡಾಕ್ಟರ ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ತೆಗೆದಳು. ದಿನವೂ ಅದನ್ನು ಹೊತ್ತುಕೊಂಡೇ ಕೆಲಸಕ್ಕೆ ಹೋಗಿ ಬರುತ್ತಿದ್ದಳು.

‘‘ಇಷ್ಟು ದಿವಸ ಬಿಟ್ಟದ್ದು ಅಕ್ಕ, ಡಾಕ್ಟರನ್ನು ಕೇಳಿಯೇ ಶುರು ಮಾಡಿ,’’ ಎಂದೆ. ‘‘ಈಗಲೇ ಹೋಗುವ.’’

‘‘ಈಗ ಅಂದ್ರೆ ಈಗ,’’ ಎಂದು ಗುಲಾಬಿ ಅಕ್ಕ ಮಗಳ ಹೆಗಲು ಹಿಡಿದು ಎದ್ದರು. ಮೀನು ಕಟ್ಟುವ ಪತ್ರಿಕೆಗಳ ರಾಶಿ ಬಾಗಿಲ ಬದಿಯಲ್ಲಿತ್ತು. ಕೈಯಲ್ಲಿದ್ದ ಹಾಳೆಯನ್ನು ಅದರ ಮೇಲಿಡಲು ಹೋದವರು ಇಡಲಿಲ್ಲ. ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ‘‘ಆ ಡಾಕ್ಟರಿಗೂ ತೋರಿಸ್ಬೇಕು. ಅವನೂ ಸ್ವಲ್ಪ ದೊಡ್ಡಕ್ಕೆ ಹೇಳ್ಬಹುದಿತ್ತು.’’

ನನ್ನ ಫೋನು ರಿಂಗಾಗುತ್ತಿತ್ತು. ರಾಯರ ಹೆಸರು. ಬಹುಶಃ ಅವರೂ ಆ ದಿನದ ಪತ್ರಿಕೆಯನ್ನು ಪರದೆಯಿಲ್ಲದೆ, ಕನ್ನಡಕವೂ ಇಲ್ಲದೆ ಓದಿದ್ದಿರಬೇಕು. ನಾನು ಒಳಗೆ ಹೋಗಿ ಒಲೆ ಆರಿಸಿದೆ. ಫೋನನ್ನು ಬ್ಯಾಗಿಗೆ ಹಾಕಿ, ರಸ್ತೆಗೆ ಇಳಿದು, ಆಟೋಕ್ಕೆ ಕೈ ತೋರಿಸಿದೆ.